ಗಿಲೇನ್ ಅತ್ತೆ ಕಾರ್ನಿವಲ್‌ಗೆ ಹೊರಟದ್ದು

ಜನವರಿ ನಡುವಿನ ಒಂದು ಸಂಜೆ ನಾವೆಲ್ಲ ಬಟಾಣಿ ಸೂಪಿನ ಮುಂದೆ ಕುಳಿತಿದ್ದಾಗ ಅತ್ತೆಯ ಅಕ್ಕ ಆಂಜೆಲ್ ದೊಡ್ಡಮ್ಮನ ಫೋನ್ ಬಂತು. ಅತ್ತೆ ಅಡುಗೆಮನೆಯ ಗೋಡೆಗೆ ಒರಗಿಕೊಂಡು ಮಾತಾಡಿದರು. ನಮಗೆ ಕೇಳಿಸಿದ್ದು ಇಷ್ಟೇ: "ಹೂಂ." "ಯಾವಾಗ?" "ಯಾರು ತಗೊಂಡ್ರು?" "ಆಲ್ಬರ್ಟಾದಲ್ಲಿ ಮಗಳನ್ನ ಬಿಟ್ರೆ ನಿನಗೆ ಯಾರು ಗೊತ್ತು?" ನನ್ನ ಮಗಳು ರೋಮಿ ಚಮಚದಿಂದ ಕುರ್ಚಿಯ ಹಲಗೆ ಬಡಿಯುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಕೊನೆಗೆ ಅತ್ತೆ "ಬರ್ತೀನಿ" ಎಂದು ಫೋನ್ ಇಟ್ಟರು.

"ಎಲ್ಲಿಗೆ ಬರ್ತೀಯಂತೆ?" ಎಂದು ರೊಝೇರ್ ಮಾವ ಕೇಳಿದರು.

"ಕಾರ್ನಿವಲ್‌ಗೆ."

"ಯಾವ ಕಾರ್ನಿವಲ್‌ಗೆ?"

"ಕ್ವಿಬೆಕ್‌ನಲ್ಲಿ ಎಷ್ಟು ಕಾರ್ನಿವಲ್ ಇದೆ ಮುದುಕ? ಇರೋದೊಂದಕ್ಕೆ."

ಮಾವ ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿದವರು ಅದನ್ನು ಅಲ್ಲೇ ಬಿಟ್ಟರು. ನನ್ನ ಗಂಡ ಎಲ್ವಾ ನನ್ನ ಮುಖ ನೋಡಿದ. ಅತ್ತೆ ಕುಳಿತು ತಮ್ಮ ಸೂಪನ್ನು ಮುಗಿಸಿ, ತಟ್ಟೆ ತೊಳೆದು, ಕೊಟ್ಟಿಗೆಗೆ ಹೊರಟುಹೋದರು. ಸಂಜೆ ಹಾಲು ಕರೆದ ಮೇಲೆ ಯಂತ್ರ ತೊಳೆಯುವ ಕೆಲಸ ಇನ್ನೂ ಇತ್ತು.

ದೊಡ್ಡಮ್ಮ ಕ್ವಿಬೆಕ್ ನಗರದ ಮನೆ ಮಾರಿದ್ದರು. ಫೆಬ್ರವರಿ ಕೊನೆಗೆ ದೇಶದ ಆ ತುದಿಯ ಆಲ್ಬರ್ಟಾದಲ್ಲಿರುವ ಮಗಳ ಬಳಿಗೆ ಹೋಗುವವರಿದ್ದರು. ಅವರ ಮನೆ ಕೋಟೆಗೋಡೆಯ ಕೆಳಗೆ, ಬಂದರಿನ ಪಕ್ಕದಲ್ಲಿ. ಕಾರ್ನಿವಲ್ ಎಂಬ ಚಳಿಗಾಲದ ಹಬ್ಬದಲ್ಲಿ ಮಂಜುಗಡ್ಡೆಯ ದೋಣಿ ಪಂದ್ಯ ಹೊರಡುವ ಜಾಗಕ್ಕೆ ಚಪ್ಪಲಿಯಲ್ಲೇ ಹೋಗಿಬರಬಹುದು ಎಂದು ಅವರು ನಗುತ್ತ ಹೇಳುವುದುಂಟು. ಪ್ರತಿ ವರ್ಷ ಅವರು ತಂಗಿಯನ್ನು ಕರೆಯುತ್ತಿದ್ದರು, ಪ್ರತಿ ವರ್ಷ ಅತ್ತೆ "ನೋಡೋಣ" ಅನ್ನುತ್ತಿದ್ದರು. ಮುಂದಿನ ವರ್ಷ ಕರೆಯಲು ಅಲ್ಲಿ ಯಾರೂ ಇರುವುದಿಲ್ಲ.

ನದಿಯ ನಡುವಿನ ನಮ್ಮ ದ್ವೀಪದಲ್ಲಿ ಆ ಪಂದ್ಯವೆಂದರೆ ಮನೆಯ ಮಾತು. ಡಿಸೆಂಬರಿನಲ್ಲಿ ನದಿಯನ್ನು ಮಂಜುಗಡ್ಡೆ ತುಂಬಿಕೊಳ್ಳುತ್ತದೆ, ಆ ದಡಕ್ಕೆ ಹೋಗುವ ಹಡಗು ನಿಲ್ಲುತ್ತದೆ. ನದಿ ಪೂರ್ತಿ ಹೆಪ್ಪುಗಟ್ಟಿದ್ದರೆ ನಡೆದಾದರೂ ಹೋಗಬಹುದಿತ್ತು. ಅದು ಹಾಗೆ ಮಾಡುವುದಿಲ್ಲ. ಮನೆಯಷ್ಟು ದೊಡ್ಡ ಗಡ್ಡೆಗಳು ಭರತ ಇಳಿತದ ಜೊತೆ ಮೇಲೆ ಕೆಳಗೆ ಅಲೆಯುತ್ತಿರುತ್ತವೆ. ವಿಮಾನ ಬರುವುದಕ್ಕೆ ಮುಂಚೆ ಇಲ್ಲಿಯ ಗಂಡಸರು ದೋಣಿಯನ್ನು ಗಡ್ಡೆಯ ಮೇಲೆ ಎಳೆದು, ನೀರು ಸಿಕ್ಕಲ್ಲಿ ಹುಟ್ಟು ಹಾಕಿ, ಅಂಚೆ, ಹಿಟ್ಟು, ಹೆರಿಗೆಯ ಹೆಂಗಸರು, ಶವಪೆಟ್ಟಿಗೆ ಎಲ್ಲವನ್ನೂ ದಾಟಿಸುತ್ತಿದ್ದರು. ಹೋದವರು ಅದೇ ದಿನ ಬರುತ್ತಾರೆಂಬ ಭರವಸೆಯಿಲ್ಲ. ಗಾಳಿ ತಿರುಗಿದರೆ ಆ ದಡದಲ್ಲೇ ಮೂರು ನಾಲ್ಕು ದಿನ. ಅಲ್ಲಿ ಸಿಕ್ಕಿಬಿದ್ದ ಗಂಡಸಿಗಾಗಿ ಹಸುವಿನ ಕೆಚ್ಚಲು ಕಾಯುವುದಿಲ್ಲ. ಹೀಗಾಗಿ ದೋಣಿ ಗಂಡಸರದಾಯಿತು, ಕೊಟ್ಟಿಗೆ ಹೆಂಗಸರದಾಯಿತು.

ಆಮೇಲೆ ವಿಮಾನ ಬಂತು. ಅಂಚೆ ವಿಮಾನ ಹತ್ತಿತು. ದೋಣಿ ಕಾರ್ನಿವಲ್‌ನ ಪಂದ್ಯವಾಯಿತು. ಗಂಡಸರು ಈಗ ದಾಟಲೇಬೇಕೆಂದಿಲ್ಲ, ಆದರೂ ಬಣ್ಣದ ಅಂಗಿ ತೊಟ್ಟು ದಾಟುತ್ತಾರೆ, ಜನ ದಡದಲ್ಲಿ ನಿಂತು ಕೂಗುತ್ತಾರೆ. ಕೊಟ್ಟಿಗೆ ಮಾತ್ರ ಹೆಂಗಸರದಾಗಿಯೇ ಉಳಿಯಿತು.

ರೊಝೇರ್ ಮಾವ ಸೊಂಟ ಕೈಕೊಡುವ ತನಕ ಪ್ರತಿ ಫೆಬ್ರವರಿಯಲ್ಲೂ ಆ ಪಂದ್ಯದಲ್ಲಿ ಹುಟ್ಟು ಹಾಕಿದವರು. ಅವರ ತಂಡದ ಫೋಟೋಗಳು ಮೆಟ್ಟಿಲ ಪಕ್ಕದ ಗೋಡೆಯುದ್ದಕ್ಕೂ ಇವೆ. ಮೆಟ್ಟಿಲು ಹತ್ತುತ್ತ ಹೋದರೆ ಅವರ ಮೀಸೆ ಕಪ್ಪಾಗುತ್ತ ಹೋಗುತ್ತದೆ. ಒಂದರಲ್ಲೂ ಅತ್ತೆ ಇಲ್ಲ. ಗಂಡ ಗೆದ್ದ ವರ್ಷಗಳನ್ನೂ ಸೋತ ವರ್ಷಗಳನ್ನೂ ಅವರು ಕೊಟ್ಟಿಗೆಯ ರೇಡಿಯೋದಲ್ಲಿ ಕೇಳಿದವರು. ಯಾವ ತಿರುವಿನಲ್ಲಿ ಗಡ್ಡೆ ಹೇಗೆ ಸುತ್ತುತ್ತದೆ, ಯಾರು ಎಲ್ಲಿ ನೀರಿಗೆ ಬಿದ್ದರು ಎಲ್ಲ ಬಾಯಿಪಾಠ. ಕಣ್ಣಿಂದ ನೋಡಿದ್ದೊಂದಿಲ್ಲ.

ಅವರು ಗಿಡ್ಡ, ಅಗಲ ಭುಜದವರು. ಮಾತು ಕಡಿಮೆ. ಮುಂಜಾನೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಕೊಟ್ಟಿಗೆ. ನಾನು ಆ ದಡದಿಂದ ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಯಿತು, ಅವರು ಐದರ ನಂತರ ಹಾಸಿಗೆಯಲ್ಲಿದ್ದದ್ದನ್ನು ಕಂಡಿಲ್ಲ. ರೋಮಿ ಹುಟ್ಟಿದ ರಾತ್ರಿ ನನ್ನ ಜೊತೆ ಆಸ್ಪತ್ರೆಗೆ ಬರಲು ಅವರಿಗೆ ಆಗಲಿಲ್ಲ. ಬದಲಿಗೆ ನಾನು ಮನೆಗೆ ಬಂದ ದಿನ, ಕೊಟ್ಟಿಗೆಯಿಂದ ಬಂದವರು ಕೈಯನ್ನು ಮೊಣಕೈವರೆಗೆ ಎರಡು ಸಲ ತೊಳೆದು, ಒಲೆಗೆ ಹಿಡಿದು ಬಿಸಿ ಮಾಡಿಕೊಂಡು, ಆಮೇಲೆ ಮಗುವನ್ನು ತೆಗೆದುಕೊಂಡರು.

ಹೋಗುವುದು ಅಂತ ಆದ ಮೇಲೆ, ಹಾಲು ಯಾರು ಕರೆಯುವುದು ಎಂಬ ಪ್ರಶ್ನೆ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಹಾಗೆ ಕುಳಿತುಬಿಟ್ಟಿತು.

ಎಲ್ವಾ ಚಳಿಗಾಲದಲ್ಲಿ ವಿಮಾನದ ಓಡುದಾರಿಯ ಹಿಮ ತೆಗೆಯುವ ಕೆಲಸದವನು. ಹಿಮ ಬಿದ್ದರೆ ಅವನು ನಾಲ್ಕಕ್ಕೇ ಯಂತ್ರದ ಮೇಲೆ. ಅವನು ತೆಗೆಯದಿದ್ದರೆ ವಿಮಾನವಿಲ್ಲ, ವಿಮಾನವಿಲ್ಲದಿದ್ದರೆ ಅತ್ತೆ ಹೋಗುವುದೂ ಇಲ್ಲ. ಅಕ್ಕಪಕ್ಕದ ಹೆಂಗಸರಿಗೆಲ್ಲ ಅದೇ ಹೊತ್ತಿಗೆ ಅವರವರ ಕೊಟ್ಟಿಗೆ. ಬದಲಿ ಕೆಲಸಕ್ಕೆ ಬರುವ ಒಬ್ಬ ಆ ದಡದಲ್ಲಿದ್ದಾನೆಂದು ಗೊತ್ತಾಗಿ ಅತ್ತೆ ಫೋನ್ ಮಾಡಿದರು.

"ಆ ವಾರಾಂತ್ಯ ಆಗಲ್ಲಮ್ಮ," ಎಂದನಂತೆ ಅವನು. "ನಾನೇ ದೋಣಿ ಪಂದ್ಯದಲ್ಲಿದ್ದೀನಿ."

ಅತ್ತೆ ಫೋನ್ ಕೆಳಗಿಟ್ಟು ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಏಪ್ರನ್‌ನಿಂದ ಕಣ್ಣು ಒರೆಸಿಕೊಂಡರು.

ಅಷ್ಟರಲ್ಲಿ ದ್ವೀಪಕ್ಕೆಲ್ಲ ಸುದ್ದಿ ಹೋಗಿತ್ತು. ಚಳಿಗಾಲದಲ್ಲಿ ಇಲ್ಲಿಂದ ಹೊರಗೆ ಹೋಗುವವರು ಉಳಿದವರ ಕೆಲಸಗಳನ್ನೂ ಹೊತ್ತುಕೊಂಡು ಹೋಗಬೇಕು, ಇಲ್ಲವೆನ್ನುವ ಹಾಗಿಲ್ಲ. ಒಬ್ಬರಿಗೆ ನೀಲಿ ಉಣ್ಣೆ ಸಾಕಾಗಿಲ್ಲ. ಒಬ್ಬರಿಗೆ ಕಿವಿ ಯಂತ್ರದ ಬ್ಯಾಟರಿ. ಚರ್ಚಿನ ಹಾಡಿನ ಗುಂಪಿನ ಮುದುಕಿಯೊಬ್ಬರು ಮುರಿದ ಹಲ್ಲು ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿ ತಂದುಕೊಟ್ಟರು, ಬಾಯಿಗೆ ಕೈ ಅಡ್ಡ ಹಿಡಿದು, "ಈಸ್ಟರ್ ಒಳಗೆ ಆದ್ರೆ ಸಾಕು ಗಿಲೇನ್," ಎಂದರು.

"ಹೋಗ್ತೀನೋ ಇಲ್ವೋ ಗೊತ್ತಿಲ್ಲ," ಎಂದರು ಅತ್ತೆ.

"ನೀನು ಹೋಗ್ದೆ ಇದ್ರೆ ನಾನು ಹಬ್ಬಕ್ಕೆ ಗಂಜಿ ಕುಡೀಬೇಕು."

ಎಲ್ಲರೂ ಅವರನ್ನು ಕಳಿಸಲು ಸಿದ್ಧರಿದ್ದರು. ಅವರ ಜಾಗದಲ್ಲಿ ನಿಲ್ಲಲು ಯಾರೂ ಇರಲಿಲ್ಲ.

ಮಾವನೇ ಒಂದು ಮಧ್ಯಾಹ್ನ ದಾರಿ ಹುಡುಕಿದರು. "ಕೊರಾಲಿ ಇದ್ದಾಳಲ್ಲ," ಎಂದರು ನನ್ನತ್ತ ಮುಖ ಮಾಡಿ. "ಮೂರು ದಿನದ ಮಾತು. ನಿಮ್ಮತ್ತೆ ತೋರಿಸಿಕೊಟ್ರೆ ನೀನು ಒಂದು ವಾರದಲ್ಲಿ ಕಲೀತೀಯ ಮಗಳೇ."

ನನಗೂ ಅದೇ ಸರಿ ಅನ್ನಿಸಿತ್ತು. ರೋಮಿ ಐದಕ್ಕೆ ಮಲಗಿರುತ್ತಾಳೆ, ಎದ್ದರೂ ತೊಟ್ಟಿಲನ್ನು ಹಾಲಿನ ಕೋಣೆಯಲ್ಲಿ ಇಟ್ಟುಕೊಳ್ಳಬಹುದು, ಅಲ್ಲಿ ಬೆಚ್ಚಗಿರುತ್ತದೆ. ಸೆಪ್ಟೆಂಬರಿಗೆ ನಾನು ಪಾಠ ಮಾಡಲು ದ್ವೀಪದ ಶಾಲೆಗೆ ಮರಳಬೇಕು, ಅಲ್ಲಿಯವರೆಗೆ ಮನೆಯಲ್ಲೇ ಇದ್ದೇನೆ. "ಕಲೀತೀನಿ ಮಾವ," ಎಂದೆ.

"ಬೇಡ," ಎಂದರು ಅತ್ತೆ.

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ." ಆಲೂಗಡ್ಡೆಯ ಸಿಪ್ಪೆ ತೆಗೆಯುವುದನ್ನು ಅವರು ನಿಲ್ಲಿಸಲಿಲ್ಲ.

ನನಗೆ ನೋವಾಯಿತು. ನನ್ನ ಕೈಗೆ ತಮ್ಮ ಹಸುಗಳನ್ನು ಕೊಡಲು ಅವರಿಗೆ ನಂಬಿಕೆಯಿಲ್ಲ, ಆರು ವರ್ಷವಾದರೂ ನಾನು ಆ ದಡದವಳೇ ಎಂದು ಅಂದುಕೊಂಡೆ. ಆ ಸಂಜೆ ದಿನಚರಿಯಲ್ಲಿ ಹಾಗೇ ಬರೆದಿದ್ದೇನೆ.

ಮುಂದಿನ ಬುಧವಾರ ಅತ್ತೆ ಚರ್ಚಿನ ಸಭಾಭವನದಲ್ಲಿ ಇಸ್ಪೀಟು ಸಂಜೆಗೆ ಸೂಪು ಮಾಡಲು ಹೋಗಿದ್ದಾಗ ಮಾವ ಕಣ್ಣು ಮಿಟುಕಿಸಿದರು. "ಬಾ ಹುಡುಗಿ. ನೋಡಿಬಿಡೋಣ. ಆಗುತ್ತೆ ಅಂತ ತೋರಿಸಿದ್ರೆ ಅವಳು ಏನಂತಾಳೆ?"

ರೋಮಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೋದೆ. ಕೊಟ್ಟಿಗೆಯ ಚಾವಣಿ ತಗ್ಗು. ಗಾಜಿನ ಒಳಮೈಗೂ ಹಿಮ ಹಿಡಿದು ಕಿಟಕಿಗಳೆಲ್ಲ ಬಿಳಿ, ಹೊರಗೆ ಏನಿದೆ ಎಂದು ಒಳಗಿದ್ದವರಿಗೆ ಗೊತ್ತಾಗುವುದಿಲ್ಲ. ಎರಡು ಸಾಲಿನಲ್ಲಿ ಕಟ್ಟಿದ ಹಸುಗಳು ನನ್ನನ್ನು ಕಂಡು ಕಾಲು ಬದಲಿಸಿದವು, ಕೊರಳು ತಿರುಗಿಸಿದವು. ಮೊದಲನೆಯದರ ಹತ್ತಿರ ಬಗ್ಗಿದ್ದೇ ತಡ, ಅದು ಯಂತ್ರವನ್ನು ಒದ್ದು ಗೊಬ್ಬರದ ಕಾಲುವೆಗೆ ಬೀಳಿಸಿತು.

"ಅವಳ ಕೋಟು ಹಾಕ್ಕೋ," ಎಂದರು ಮಾವ.

ಬಾಗಿಲ ಹಿಂದಿನ ಮೊಳೆಯಲ್ಲಿ ಅತ್ತೆಯ ಕೊಟ್ಟಿಗೆ ಕೋಟು ತೂಗುತ್ತಿತ್ತು. ಒಂದು ಕಾಲಕ್ಕೆ ಹಸಿರು ಬಣ್ಣವಿದ್ದಿರಬೇಕು. ಅದನ್ನು ರೋಮಿಯ ಮೇಲಿಂದಲೇ ತೊಟ್ಟು, ಅತ್ತೆಯ ಹಾಗೆ ಮೊದಲು ಹಸುವಿನ ಬೆನ್ನ ಮೇಲೆ ಅಂಗೈ ಇಟ್ಟು, ಕೆಚ್ಚಲನ್ನು ಬೆಚ್ಚನೆ ಬಟ್ಟೆಯಿಂದ ಒರೆಸಿ ಕಾದೆ. ಹಸು ಉಸಿರು ಬಿಟ್ಟಿತು. ಸಡಿಲವಾಗಿ ನಿಂತಿತು. ಯಂತ್ರದ ಗಾಜಿನ ಕೊಳವೆಯಲ್ಲಿ ಹಾಲು ಹರಿಯಿತು. ನನಗೆ ಆದ ಸಂತೋಷ ಹೇಳತೀರದು. ಎರಡನೆಯದು, ಮೂರನೆಯದು. ಮಾವ ತಮ್ಮ ಟೋಪಿ ತೆಗೆದು ನನಗೆ ನಮಸ್ಕಾರ ಮಾಡುವ ಹಾಗೆ ಆಡಿದರು. ರೋಮಿ ನನ್ನ ಬೆನ್ನಲ್ಲಿ ಕೇಕೆ ಹಾಕಿದಳು.

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಮುಖ ನೋಡಿ ನನ್ನ ಕೈ ನಿಂತಿತು. ಕೋಪ ಅಂದುಕೊಂಡೆ. ಅವರು ಬಂದು, ರೋಮಿಗೆ ತಗಲದ ಹಾಗೆ ನಿಧಾನವಾಗಿ ಕೋಟನ್ನು ನನ್ನ ಭುಜದಿಂದ ತೆಗೆದರು. ಉಳಿದ ಹಸುಗಳನ್ನು ತಾವೇ ಕರೆದರು. ಮನೆಗೆ ಬಂದವರು ಅಕ್ಕನಿಗೆ ಫೋನ್ ಮಾಡಿದರು.

"ಆಗೋ ಹಾಗೆ ಕಾಣಲ್ಲ ಆಂಜೆಲ್. ಹೂಂ. ಇಲ್ಲ, ಯಾರಿಗೂ ಹುಷಾರಿಲ್ದೆ ಇಲ್ಲ. ಆಗಲ್ಲ ಅಷ್ಟೆ."

ಎರಡು ದಿನ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹೊರಗೆ ಗಾಳಿ ಹಿಮವನ್ನು ನೆಲದಿಂದ ಎಬ್ಬಿಸಿ ಓಡಿಸುತ್ತಿತ್ತು. ಪಕ್ಕದ ಮನೆಯೂ ಕಾಣುತ್ತಿರಲಿಲ್ಲ, ವಿಮಾನ ಬಂದಿರಲಿಲ್ಲ, ಅಂಗಡಿಯಲ್ಲಿ ಬಾಳೆಹಣ್ಣು ಮುಗಿದಿತ್ತು. ಹೊಸದಾಗಿ ಅಂಬೆಗಾಲಿಡಲು ಕಲಿತ ರೋಮಿ ಬಾಗಿಲಿನಿಂದ ಬಾಗಿಲಿಗೆ ಹೋಗಿ ಪ್ರತಿಯೊಂದನ್ನೂ ತಟ್ಟಿ ನೋಡುತ್ತಿದ್ದಳು. ಮೂರನೆಯ ಬೆಳಿಗ್ಗೆ ನಾನು ಅವಳ ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದೆ. ಅತ್ತೆ ಬಂದು ಎದುರಿನ ಕುರ್ಚಿಯಲ್ಲಿ ಕುಳಿತು ತಾವೂ ಒಂದು ಬಟ್ಟೆ ತೆಗೆದುಕೊಂಡರು.

"ನನ್ನಿಂದ ತಪ್ಪಾಯ್ತು ಅತ್ತೆ," ಎಂದೆ. "ನಿಮ್ಮನ್ನ ಕೇಳ್ದೆ ಹೋಗಬಾರದಿತ್ತು."

"ಚೆನ್ನಾಗಿ ಕರೆದೆ ನೀನು. ಆ ಒದೆಯೋ ಹಸು ಕೂಡ ನಿನಗೆ ನಿಂತುಬಿಡ್ತು." ಅವರು ಮಗುವಿನ ಅಂಗಿಯ ತೋಳು ನೇರ ಮಾಡಿದರು. "ಅದಕ್ಕೇ ಎದೆ ಧಸಕ್ಕಂತು ನಂಗೆ."

ನನಗೆ ಅರ್ಥವಾಗಲಿಲ್ಲ.

"ನಾನೂ ಮೂರು ದಿನಕ್ಕೇ ಕಲಿತದ್ದು," ಎಂದರು. "ಮದುವೆಯಾಗಿ ಬಂದ ಮೊದಲ ಚಳಿಗಾಲ. ನಮ್ಮತ್ತೆ, ರೊಝೇರ್ ಅಮ್ಮ, ನಗರದಲ್ಲಿ ಯಾವುದೋ ಮದುವೆಗೆ ಹೋಗಬೇಕಿತ್ತು. 'ಮೂರು ದಿನ ನೋಡ್ಕೊ ಮಗಳೇ' ಅಂದ್ರು. ನಾನು ನೋಡ್ಕೊಂಡೆ. ಹಸುಗಳು ನನ್ನನ್ನ ಒಪ್ಪಿದ್ವು. ಎಷ್ಟು ಜಂಬ ನಂಗೆ. ಅವರು ವಾಪಸ್ ಬಂದ್ರು, ಬಾಗಿಲಲ್ಲಿ ನಿಂತು ನೋಡಿದ್ರು, 'ಪರವಾಗಿಲ್ವೇ' ಅಂದ್ರು. ಮಾರನೇ ದಿನ ಏಳಲೇ ಇಲ್ಲ."

"ಹುಷಾರಿರಲಿಲ್ವಾ?"

"ಚೆನ್ನಾಗೇ ಇದ್ರು. 'ಅವಕ್ಕೀಗ ನಿನ್ನ ಕೈ ಅಭ್ಯಾಸ ಆಗಿದೆ' ಅಂದ್ರು. ಆಮೇಲೆ ಕಿಟಕಿ ಹತ್ರ ಕೂತು ಹೆಣಿಗೆ ಹೆಣೀತಾ ಬಹಳ ವರ್ಷ ಬದುಕಿದ್ರು. ಕೆಟ್ಟವರಲ್ಲ. ನನ್ನ ಮಕ್ಕಳಿಗೆಲ್ಲ ಕಾಲುಚೀಲ ಅವರೇ ಹೆಣೆದದ್ದು. ಅವರನ್ನೂ ಯಾರೋ ಹಾಗೇ ನಿಲ್ಲಿಸಿದ್ರಲ್ಲ." ಅಂಗಿಯನ್ನು ಕೆಳಗಿಟ್ಟು, "ಮೊನ್ನೆ ನಾನು ಅದೇ ಬಾಗಿಲಲ್ಲಿ ನಿಂತಿದ್ದೆ ಕೊರಾಲಿ. ಒಂದು ಕ್ಷಣ ನಂಗೆ ಏನನ್ನಿಸಿತು ಗೊತ್ತಾ? ನಾಳೆ ಮಲಗಿಬಿಡಬಹುದು ಅನ್ನಿಸಿತು," ಎಂದರು.

ಬಟ್ಟೆಗಳು ಮುಗಿದಿದ್ದವು. ಅವರು ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದರು.

"ಆಂಜೆಲ್‌ನ ನೋಡಬೇಕು ನಂಗೆ. ಆದರೆ ನಿನ್ನನ್ನ ಅಲ್ಲಿ ಕಟ್ಟಿಹಾಕಿ ಹೋಗಿ ನೋಡೋದಾದ್ರೆ ಬೇಡ. ಸೆಪ್ಟೆಂಬರ್ ಬಂದಾಗ ರೊಝೇರ್ ಏನಂತಾನೆ ಹೇಳ್ಲಾ? 'ಶಾಲೇಲಿರೋದೇ ಏಳು ಮಕ್ಕಳು, ಅದೂ ಮುಚ್ಚೋ ಹಾಗಿದೆ, ಹಸುಗಳಿಗೋ ನಿನ್ನ ಕೈ ಅಭ್ಯಾಸ ಆಗಿದೆ' ಅಂತಾನೆ. ಪ್ರೀತಿಯಿಂದಲೇ ಅಂತಾನೆ. ನೀನು ಹೂಂ ಅಂತೀಯ."

ಹೂಂ ಅಂದೇ ಅನ್ನುತ್ತಿದ್ದೆ. ಅದು ನನಗೂ ಗೊತ್ತಿತ್ತು. ಹೊರಗಿನ ಗಾಳಿ ಚಿಮಣಿಯೊಳಗೆ ಊದುತ್ತಿತ್ತು, ಮನೆ ಇದ್ದಕ್ಕಿದ್ದ ಹಾಗೆ ಬಹಳ ಸಣ್ಣದಾಗಿ ಕಂಡಿತು.

ಆ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕುಳಿತ ಮೇಲೆ, "ಮಾವ, ನಾನು ಹಾಲು ಕರೆಯಲ್ಲ," ಎಂದೆ. ಹೇಳುವಾಗ ರೋಮಿಯ ಬಾಯಿ ಒರೆಸುತ್ತಿದ್ದೆ, ಮುಖ ನೋಡುವ ಧೈರ್ಯವಿರಲಿಲ್ಲ. "ಅತ್ತೆ ಹೋಗಲಿ. ನೀವು ಕರೀರಿ."

ಮಾವ ನಕ್ಕರು. ಯಾರೂ ಜೊತೆಗೆ ನಗಲಿಲ್ಲವೆಂದು ಗೊತ್ತಾದಾಗ ನಿಲ್ಲಿಸಿದರು. "ನನ್ನ ಸೊಂಟ?"

"ಹೊಸ ವರ್ಷದ ದಿನ ಸಭಾಭವನದಲ್ಲಿ ಕುಣಿದಾಗ ಎಲ್ಲಿತ್ತು ಆ ಸೊಂಟ?" ಎಂದರು ಅತ್ತೆ.

"ಹಸುಗಳಿಗೆ ನಾನಂದ್ರೆ ಆಗಲ್ಲ ಮುದುಕಿ."

"ನಂಗೂ ಮೊದಲು ಆಗ್ತಿರಲಿಲ್ಲ. ಅಭ್ಯಾಸ ಮಾಡ್ಕೊಂಡೆ."

ಎಲ್ವಾ ತಟ್ಟೆಯೊಳಗೇ ನಕ್ಕ. "ಅಪ್ಪ, ಮನೆಯಿಂದ ಕೊಟ್ಟಿಗೆಗೆ ಮಧ್ಯೆ ನೀರಿಲ್ಲ. ದೋಣಿ ಎಳೆಯೋದು ಬೇಕಾಗಿಲ್ಲ."

"ನೀನು ಬಾಯಿ ಮುಚ್ಕೊಂಡು ಆಲೂಗಡ್ಡೆ ತಿನ್ನು." ಮಾವ ಕಿವಿ ಕೆಂಪು ಮಾಡಿಕೊಂಡು ಕುಳಿತರು. ಆಮೇಲೆ, "ಈ ದ್ವೀಪದಲ್ಲಿ ಯಾವ ಗಂಡಸು ಕರೆದಿದ್ದಾನೆ, ತೋರಿಸಿ ನೋಡೋಣ," ಎಂದರು.

"ಯಾವ ಹೆಂಗಸು ಪಂದ್ಯ ನೋಡಿದಾಳೆ, ತೋರಿಸು," ಎಂದರು ಅತ್ತೆ. ದನಿ ಏರಿಸಲಿಲ್ಲ. ಮಾವ ಮೆಟ್ಟಿಲ ಪಕ್ಕದ ಗೋಡೆಯತ್ತ ನೋಡಿ, ಆಮೇಲೆ ತಟ್ಟೆಯತ್ತ ನೋಡಿದರು.

ಆ ಸಂಜೆಯಿಂದ ಪಾಠ ಶುರುವಾಯಿತು. ನಾನು ಕೊಟ್ಟಿಗೆಯ ಹತ್ತಿರ ಸುಳಿಯಲಿಲ್ಲ; ಅತ್ತೆಯ ಕಟ್ಟಪ್ಪಣೆ. ಅಡುಗೆಮನೆಯಿಂದ ಕೇಳುತ್ತಿದ್ದ ಮಾತಿನಲ್ಲೇ ಅಲ್ಲಿ ಏನಾಗುತ್ತಿದೆ ಎಂದು ಗೊತ್ತಾಗುತ್ತಿತ್ತು. "ಅದು ಹುಟ್ಟಲ್ಲ, ಮೊಲೆ. ಮೆಲ್ಲಗೆ ಹಿಡಿ." ಆಮೇಲೆ ಬಕೆಟ್ ಉರುಳಿದ ಸದ್ದು. "ಅದನ್ನ ಬೈಬೇಡ. ಬೈದ್ರೆ ಹಾಲು ಇಳಿಸಲ್ಲ. ಹಾಡು." ಮತ್ತೆ ಸ್ವಲ್ಪ ಹೊತ್ತಿಗೆ ಮಾವನ ಒಡಕು ದನಿಯಲ್ಲಿ ದೋಣಿಯವರ ಹಾಡು. ಮನೆಗೆ ಬಂದವರ ತೊಡೆಯ ಮೇಲೆ ಗೊರಸಿನ ಗುರುತು. ಆದರೂ ಮರುದಿನ ಮುಂಜಾನೆ ಮತ್ತೆ ಹೋದರು.

ಹೊರಡುವ ಹಿಂದಿನ ದಿನ ಅತ್ತೆ ನನ್ನನ್ನು ಕರೆದು, "ನೀನೂ ಬರ್ತಿದೀಯ," ಎಂದರು.

"ನಾನ್ಯಾಕೆ? ಮಗು ಬೇರೆ."

"ಮಗೂನೂ ಬರುತ್ತೆ. ನೀನಿಲ್ಲಿದ್ರೆ ಮೊದಲ ಸಲ ಹಸು ಅಂಬಾ ಅಂದಾಗ ಓಡ್ತೀಯ. ನಿನ್ನನ್ನ ನಾನು ನೋಡಿದೀನಿ."

ಡಯಪರ್, ಬಾಟಲಿ, ಎರಡು ಜೊತೆ ಬಟ್ಟೆ, ಹಲ್ಲು ಸೆಟ್ಟಿನ ಕರ್ಚೀಫು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದೆ. ರಾತ್ರಿಯೆಲ್ಲ ಹಿಮ ಬಿತ್ತು. ಬೆಳಿಗ್ಗೆ ಎಲ್ವಾನ ಯಂತ್ರದ ಸದ್ದು ಓಡುದಾರಿಯ ಕಡೆಯಿಂದ ಒಂದೇ ಸಮ ಬರುತ್ತಿತ್ತು. ನಾವು ಕೋಟು ತೊಟ್ಟು, ಮಗುವಿಗೂ ತೊಡಿಸಿ, ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತೆವು. ಆ ದಡದ ಚರ್ಚಿನ ಶಿಖರ ಕಂಡರೆ ವಿಮಾನ ಬರುತ್ತದೆ, ಕಾಣದಿದ್ದರೆ ಇಲ್ಲ. ಕಾಣಲಿಲ್ಲ. ಮಗುವಿಗೆ ಬೆವರಿತು, ಬಿಚ್ಚಿದೆ. ಮತ್ತೆ ತೊಡಿಸಿದೆ. ಮತ್ತೆ ಬಿಚ್ಚಿದೆ. ಅತ್ತೆ ಕೋಟಿನ ಗುಂಡಿ ಬಿಚ್ಚದೆ ಕಿಟಕಿಯನ್ನೇ ನೋಡುತ್ತ ಕುಳಿತಿದ್ದರು. ಬಿಚ್ಚಿದರೆ ಹೋಗುವುದು ತಪ್ಪಿಹೋಗುತ್ತದೆ ಅನ್ನುವ ಹಾಗೆ. ಮಧ್ಯಾಹ್ನ ದಾಟಿದ ಮೇಲೆ ಮಂಜಿನಲ್ಲಿ ಒಂದು ಬೂದು ಕಡ್ಡಿ ಕಂಡಿತು.

ಐದು ಸೀಟಿನ ಆ ವಿಮಾನ ಏರಿದ ಹಾಗೇ ಇಳಿಯಿತು. ಕೆಳಗೆ ಗಡ್ಡೆಗಳ ನಡುವೆ ಕರಿ ನೀರು. ಅತ್ತೆ ಒಂದು ಸಲವೂ ಕೆಳಗೆ ನೋಡಲಿಲ್ಲ, ಹಿಂದೆ ತಿರುಗಿ ನಮ್ಮ ಕೊಟ್ಟಿಗೆಯ ಚಾವಣಿ ಮರೆಯಾಗುವವರೆಗೂ ಅದನ್ನೇ ನೋಡಿದರು. ಅಲ್ಲಿಂದ ನಗರಕ್ಕೆ ಬಸ್ಸು.

ದೊಡ್ಡಮ್ಮನ ಮನೆಯಲ್ಲಿ ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ಅಕ್ಕ ತಂಗಿ ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ಹಿಡಿದುಕೊಂಡು ನಿಂತರು. "ದಪ್ಪ ಆಗಿದೀಯ," ಎಂದರು ದೊಡ್ಡಮ್ಮ. "ನೀನು ಮುದುಕಿ ಆಗಿದೀಯ," ಎಂದರು ಅತ್ತೆ. ಇಬ್ಬರೂ ಪೆಟ್ಟಿಗೆಗಳ ಮೇಲೆ ಕುಳಿತು ಮಾಂಸ ತುಂಬಿದ ಪೈ ತಿಂದರು.

ಶನಿವಾರ ಸಂಜೆ ಮೆರವಣಿಗೆ. ಮಂಜಿನ ಅರಮನೆ, ದೀಪ, ತುತ್ತೂರಿ, ಮಕ್ಕಳ ಕೂಗು; ಚಳಿಗೆ ರೋಮಿಯ ರೆಪ್ಪೆಯ ಮೇಲೆ ಬಿಳಿ ಕೂತಿತ್ತು. ಮೆರವಣಿಗೆ ನಮ್ಮ ಮುಂದೆ ಬರುವ ಹೊತ್ತಿಗೆ ಸರಿಯಾಗಿ ಅತ್ತೆಯ ಮೊಬೈಲು ಬಡಿದುಕೊಂಡಿತು. ಆ ತುದಿಯಲ್ಲಿ ಮಾವ. ಯಾವುದೋ ಹಸು ಯಂತ್ರ ಹಾಕಗೊಡುತ್ತಿಲ್ಲ. ಅತ್ತೆ ಒಂದು ಕಿವಿಗೆ ಕೈಗವಸು ಒತ್ತಿ ಹಿಡಿದು, "ಎಡಗಡೆಯಿಂದ ಹೋಗು. ಎಡಗಡೆ. ನಿನ್ನ ಎಡ ಅಲ್ಲ, ಅದರ ಎಡ," ಎನ್ನುತ್ತ ನಿಂತರು. ಅವರ ಮುಂದಿನಿಂದ ಕೆಂಪು ಟೋಪಿಯ ದೊಡ್ಡ ಹಿಮದ ಬೊಂಬೆಯ ವೇಷದವನು ಕೈ ಬೀಸುತ್ತ ಹೋದ, ಕುಣಿಯುವವರು ಹೋದರು, ಬೆಂಕಿ ತಿರುಗಿಸುವವರು ಹೋದರು. ಫೋನ್ ಇಟ್ಟಾಗ ರಸ್ತೆ ಗುಡಿಸುವ ಗಾಡಿ ಬರುತ್ತಿತ್ತು.

"ನೋಡ್ದೆಯಾ?" ಎಂದು ದೊಡ್ಡಮ್ಮ ಕೇಳಿದರು.

"ಕೇಳಿಸ್ತು," ಎಂದರು ಅತ್ತೆ.

ಭಾನುವಾರ ಅವರು ಮೊಬೈಲನ್ನು ದೊಡ್ಡಮ್ಮನ ಮನೆಯಲ್ಲೇ ಬಿಟ್ಟು ಬಂದರು. ನಾನು ಕೇಳಲಿಲ್ಲ. ಬಂದರಿನ ಕಟ್ಟೆಯ ಮೇಲೆ ಮೂವರೂ ಒತ್ತಾಗಿ ನಿಂತೆವು, ರೋಮಿ ನಮ್ಮ ನಡುವೆ ಬೆಚ್ಚಗೆ. ಗುಂಡು ಹಾರಿತು. ದೋಣಿಗಳು ಗಡ್ಡೆಯ ಮೇಲೆ ನುಗ್ಗಿದವು. ತಂಡದವರು ಒಂದು ಕಾಲು ದೋಣಿಯೊಳಗಿಟ್ಟು, ಒಂದು ಕಾಲಿನಿಂದ ಒದೆಯುತ್ತ, ದಬ್ಬುತ್ತ, ದೋಣಿ ನೀರಿಗೆ ಇಳಿದ ಕೂಡಲೇ ಒಳಗೆ ಹಾರಿ ಹುಟ್ಟು ಹಾಕುತ್ತ ಹೋದರು. ಅತ್ತೆಗೆ ಎಲ್ಲ ಗೊತ್ತಿತ್ತು. "ಈಗ ಬಲಕ್ಕೆ ಹೋಗಬಾರದು, ಸುಳಿ ಇದೆ," ಎಂದು ಅವರು ಹೇಳಿದ ಮೇಲೆ ಒಂದು ದೋಣಿ ಬಲಕ್ಕೆ ಹೋಗಿ ಸುತ್ತಿತು. ಪಕ್ಕದವರು ತಿರುಗಿ ನೋಡಿದರು. ಅತ್ತೆಯ ಕಣ್ಣಲ್ಲಿ ಅಂಥ ಹೊಳಪನ್ನು ನಾನು ಕಂಡಿರಲಿಲ್ಲ. ದೋಣಿಗಳು ಆ ದಡ ಮುಟ್ಟಿ ತಿರುಗಿ ಬಂದವು. ಜನ ಕೂಗಿದರು. ಮುಗಿಯಿತು.

"ಇನ್ನೊಂದು ಸುತ್ತು ಯಾವಾಗ?" ಎಂದರು ಅತ್ತೆ.

"ಇನ್ನೊಂದು ಸುತ್ತಿಲ್ಲ. ಇಷ್ಟೇ."

"ಇಷ್ಟೇನಾ?" ಅತ್ತೆ ನದಿಯತ್ತ ನೋಡಿದರು. "ಊಟಕ್ಕೆ ಮುಂಚೆ ಮುಗಿದುಹೋಗುತ್ತೆ ಇದು. ರೊಝೇರ್ ನಾಲ್ಕು ದಿನ ಬರ್ತಿರಲಿಲ್ಲ ಆಂಜೆಲ್."

"ಆಮೇಲೆ ಕುಡೀತಾರಲ್ಲೇ," ಎಂದರು ದೊಡ್ಡಮ್ಮ. "ಮೂರು ದಿನ ಕುಡೀತಾರೆ. ನನ್ನ ಮನೆ ನೆಲದ ಮೇಲೆ ಎಂಟು ಜನ ಮಲಗಿರ್ತಿದ್ರು."

ಇಬ್ಬರೂ ಒಬ್ಬರ ಭುಜದ ಮೇಲೆ ಒಬ್ಬರು ತಲೆಯಿಟ್ಟು ನಕ್ಕರು, ನಗುತ್ತ ನಗುತ್ತ ಅತ್ತೆ ಅಳುತ್ತಿದ್ದರೆಂದು ಕಾಣುತ್ತದೆ, ಆ ಚಳಿಯಲ್ಲಿ ಎಲ್ಲರ ಕಣ್ಣಲ್ಲೂ ನೀರಿತ್ತು. ದೊಡ್ಡಮ್ಮ ಬಿಸಿ ವೈನು ಕೊಡಿಸಿದರು. ಕತ್ತಲಾಗುವವರೆಗೂ ಅವರಿಬ್ಬರು ಕೈ ಹಿಡಿದುಕೊಂಡು ಆ ಕಟ್ಟೆಯ ಮೇಲೆ ಅತ್ತಿಂದಿತ್ತ ನಡೆದರು. ನಾನು ಮಗುವನ್ನು ಕರೆದುಕೊಂಡು ಮುಂಚೆಯೇ ಮನೆಗೆ ಬಂದೆ.

ಸೋಮವಾರ ಹೊರಟು ಬಂದೆವು, ಆದರೆ ದಾಟಲಾಗಲಿಲ್ಲ. ಆ ದಡದ ಸಣ್ಣ ವಿಮಾನ ನಿಲ್ದಾಣದ ಕೋಣೆಯಲ್ಲಿ, ಬಿಳಿ ಕಿಟಕಿಯ ಮುಂದೆ, ಎರಡು ದಿನ ಹಗಲೆಲ್ಲ ಕುಳಿತೆವು. ರಾತ್ರಿಗೆ ನನ್ನ ಅಣ್ಣನ ಮನೆ. ದ್ವೀಪ ಅಲ್ಲೇ ಎದುರಿಗೆ ಇತ್ತು, ಒಂದೊಂದು ಸಲ ಮಂಜು ಹರಿದು ನಮ್ಮ ಚರ್ಚಿನ ಶಿಖರವೂ ಕಾಣುತ್ತಿತ್ತು, ವಿಮಾನ ಸದ್ದು ಮಾಡುವಷ್ಟರಲ್ಲಿ ಮತ್ತೆ ಮುಚ್ಚುತ್ತಿತ್ತು. ಅತ್ತೆ ಐದು ಗಂಟೆಗೆ ಸರಿಯಾಗಿ ಎದ್ದು ನಿಲ್ಲುತ್ತಿದ್ದರು. ಆಮೇಲೆ ಏನು ಮಾಡಬೇಕೆಂದು ತೋಚದೆ, ರೋಮಿಯನ್ನು ಎತ್ತಿಕೊಂಡು ಆ ಕೋಣೆಯಲ್ಲಿ ಸುತ್ತುತ್ತಿದ್ದರು. ಮಾವ ಈಗ ಫೋನ್ ಮಾಡುತ್ತಿರಲಿಲ್ಲ. ಅದೇ ಅತ್ತೆಗೆ ಹೆಚ್ಚು ಕಷ್ಟವಾದ ಹಾಗೆ ಕಂಡಿತು.

ಬುಧವಾರ ಸಂಜೆ ಮನೆ ಮುಟ್ಟಿ ಅತ್ತೆ ನೇರ ಕೊಟ್ಟಿಗೆಗೆ ಹೋದರು. ಹಾಲು ಕಡಿಮೆಯಾಗಿತ್ತು. ಒಂದು ಹಸುವಿಗೆ ಕೆಚ್ಚಲು ಬಾವು. ಮಾವ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು, ಗಡ್ಡ ಬಿಟ್ಟಿದ್ದರು. "ಹೇಗಿತ್ತು ಪಂದ್ಯ?" ಎಂದು ಕೇಳಿದರು.

"ಚೆನ್ನಾಗಿತ್ತು," ಎಂದರು ಅತ್ತೆ. "ಕೆಚ್ಚಲಿಗೆ ಮುಲಾಮು ಹಚ್ಚಿದ್ಯಾ?"

"ಹಚ್ಚಿದೆ."

"ಎಷ್ಟು ಸಲ?"

"ಎರಡು ಸಲ. ಒದ್ದಿತು. ಆದ್ರೂ ಹಚ್ಚಿದೆ."

ಅಷ್ಟೇ ಮಾತು. ಅತ್ತೆ ಮಲಗಲು ಹೋಗುವಾಗ ನನ್ನ ಕೋಣೆಯ ಮುಂದೆ ನಿಂತು, ಮಗುವಿಗೆ ಹೊದಿಕೆ ಸಾಕೇ ಎಂದು ಕೇಳಿದರು.

ಮುಂಜಾನೆ ರೋಮಿ ಹಾಲಿಗೆ ಎದ್ದಿದ್ದಳು. ಅವಳನ್ನು ಎದೆಗೆ ಹಾಕಿಕೊಂಡು ಕುಳಿತಿದ್ದಾಗ ಕೆಳಗೆ ಮಾವನ ಕುಂಟು ಹೆಜ್ಜೆ ಕೇಳಿಸಿತು. ಹೊರಗಿನ ಬಾಗಿಲು ತೆರೆದು ಮುಚ್ಚಿತು. ಯಾರೂ ಅವರನ್ನು ಎಬ್ಬಿಸಿರಲಿಲ್ಲ. ಅತ್ತೆಯ ಹಾಸಿಗೆ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ನಾನು ಕಿವಿಗೊಟ್ಟೆ. ಮಲಗಿದ್ದಾರೆ ಅಂದುಕೊಂಡೆ, ಮಲಗಲಿ ಅಂದುಕೊಂಡೆ. ಬಹಳ ಹೊತ್ತಾದ ಮೇಲೆ ಮತ್ತೆ ಕಿರುಗುಟ್ಟಿತು. ನಾನು ಮಗುವನ್ನು ಹಿಡಿದುಕೊಂಡೇ ಮೆಟ್ಟಿಲ ತುದಿಗೆ ಹೋದೆ. ಅತ್ತೆ ಕೆಳಗೆ ಬೂಟಿನೊಳಗೆ ಕಾಲು ತೂರಿಸುತ್ತಿದ್ದರು.

"ಮಾವ ಹೋಗಿದಾರಲ್ಲ ಅತ್ತೆ."

"ಗೊತ್ತು."

"ಮತ್ತೆ ನೀವ್ಯಾಕೆ?"

ಅವರು ಬಾಗಿಲ ಹಿಡಿಯ ಮೇಲೆ ಕೈಯಿಟ್ಟರು. "ಮಲಗೋಕೆ ಬರಲ್ಲ ನಂಗೆ," ಎಂದರು. "ನೀನು ಹೋಗು. ನೀನು ಮಲಕ್ಕೋ."

ಬಾಗಿಲು ಮುಚ್ಚಿತು. ನಾನು ಹೋಗಿ ಮಲಗಿದೆ.